ಹುಲಿ 524ರಿಂದ 563 ಆದವು ಎಂದರೆ ಏನರ್ಥ? ಎಣಿಕೆ, ಸಾಂದ್ರತೆ, ಧಾರಣಾ ಸಾಮರ್ಥ್ಯದ ಬಗ್ಗೆ ಕೆಲವು ಪ್ರಶ್ನೆಗಳು

ತುಂಬೆಹೂ

ದ್ವಿತೀಯ ಪಿಯುಸಿ ಮಕ್ಕಳಿಗೆ ಪ್ರಾಣಿಗಳ ಸಂಖ್ಯೆ ಏರುವ, ಇಳಿಯುವ ಪಾಠವನ್ನು ನಮ್ಮ ಕಾಡಿನ ಅಂಕಿಗಳ ಮೇಲೆ ಮಾಡುವ ಯೋಚನೆ ಇದೆ. ಕರ್ನಾಟಕದಲ್ಲಿ ಹುಲಿಗಳು 2018ರಲ್ಲಿ 524, 2022ರಲ್ಲಿ 563. ಇದರಿಂದ ಬೆಳವಣಿಗೆಯ ದರವನ್ನು ನೇರವಾಗಿ ತೆಗೆಯಬಹುದೇ? ನಾಗರಹೊಳೆಯಂಥ ಕಾಡಿನ ಧಾರಣಾ ಸಾಮರ್ಥ್ಯ, ಅಂದರೆ ಅದು ಹೆಚ್ಚೆಂದರೆ ಎಷ್ಟು ಹುಲಿಗಳನ್ನು ಸಾಕಬಲ್ಲದು ಎಂಬುದು, ಇಷ್ಟೇ ಎಂದು ಒಂದು ಅಂಕಿ ಹೇಳಲು ಬರುತ್ತದೆಯೇ? ಕಾಡಿಗೆ ಹೋಗದೆ ತರಗತಿಯಲ್ಲೇ ಮಾಡಿಸಬಹುದಾದ ಪ್ರಯೋಗ ಯಾವುದು? ಸೂತ್ರ ಗೊತ್ತಿದೆ. ಅದು ಎಲ್ಲಿ ಕೈಕೊಡುತ್ತದೆ ಎನ್ನುವುದು ಬೇಕು.

ಸಂಖ್ಯಾರೇಖೆ

ಮೊದಲ ಪ್ರಶ್ನೆಯ ಲೆಕ್ಕ ಸುಲಭ. 563ನ್ನು 524ರಿಂದ ಭಾಗಿಸಿದರೆ 1.074. ಅದರ ನ್ಯಾಚುರಲ್ ಲಾಗ್ 0.0718. ನಾಲ್ಕು ವರ್ಷಕ್ಕೆ ಹಂಚಿದರೆ 0.018, ಅಂದರೆ ವರ್ಷಕ್ಕೆ ಶೇ 1.8. ಇಡೀ ದೇಶದ 2967 ಮತ್ತು 3682ಕ್ಕೆ ಇದೇ ಲೆಕ್ಕ ಹಾಕಿದರೆ 0.054, ಶೇ 5.4. ಇಮ್ಮಡಿಯಾಗಲು ಬೇಕಾದ ಕಾಲ ತಿಳಿಯಲು 0.693ನ್ನು (2ರ ನ್ಯಾಚುರಲ್ ಲಾಗ್) ಈ ದರದಿಂದ ಭಾಗಿಸಿ: ದೇಶಕ್ಕೆ ಸುಮಾರು 13 ವರ್ಷ, ಕರ್ನಾಟಕಕ್ಕೆ 38 ವರ್ಷ.

ಆದರೆ ಮಕ್ಕಳು ಇದನ್ನು ಬರೆದು ಅಡಿಗೆರೆ ಎಳೆಯುವ ಮುಂಚೆ ಒಂದು ಮಾತು ಹೇಳಲೇಬೇಕು. 563 ಎನ್ನುವುದು ಎಣಿಕೆ ಅಲ್ಲ, ಅಂದಾಜು. 2022ರ ಸಮೀಕ್ಷೆಯನ್ನೇ ತೆಗೆದುಕೊಳ್ಳಿ. 2023ರ ಏಪ್ರಿಲ್‌ನಲ್ಲಿ ಮೈಸೂರಿನಲ್ಲಿ ಪ್ರಕಟವಾದ ಅಂಕಿ 3167, ಅದು ಕನಿಷ್ಠ. ಜುಲೈನಲ್ಲಿ ಬಂದದ್ದು 3682, ಅದು ಸರಾಸರಿ. ಮೇಲಿನ ಮಿತಿ 3925. ಒಂದೇ ಸಮೀಕ್ಷೆಗೆ ಮೂರು ಅಂಕಿ. "ಮೂರು ತಿಂಗಳಲ್ಲಿ 500 ಹುಲಿ ಹೆಚ್ಚಾದವು" ಎಂದು ಆಗ ಓದಿಕೊಂಡವರಿದ್ದಾರೆ. ಒಂದು ವರ್ಷದ ಕನಿಷ್ಠವನ್ನು ಇನ್ನೊಂದು ವರ್ಷದ ಸರಾಸರಿಯ ಪಕ್ಕ ಇಟ್ಟು ದರ ತೆಗೆದರೆ ಆ ದರಕ್ಕೆ ಅರ್ಥವೇ ಇಲ್ಲ.

ಅಳತೆಗೋಲು ಬದಲಾಗಿದೆಯೇ ಎಂದೂ ನೋಡಬೇಕು. 2014ರಲ್ಲಿ ಕರ್ನಾಟಕಕ್ಕೆ ಸಿಕ್ಕಿದ್ದು 406. ಆಗ ಒಂದೂವರೆ ವರ್ಷ ದಾಟಿದ ಹುಲಿಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದಿದ್ದರು. 2018ರಲ್ಲಿ ಒಂದು ವರ್ಷ ದಾಟಿದವೂ ಸೇರಿದವು. ಕ್ಯಾಮೆರಾ ಇಟ್ಟ ಜಾಗಗಳೂ ದೇಶದಲ್ಲಿ 2018ರಲ್ಲಿ 26,838, 2022ರಲ್ಲಿ 32,588. ಹುಡುಕಿದ ಜಾಗ ಹೆಚ್ಚಾದರೆ ಸಿಗುವ ಹುಲಿಯೂ ಹೆಚ್ಚು. ಹುಲಿ ಹೆಚ್ಚಾದದ್ದು ಎಷ್ಟು, ಹುಡುಕಾಟ ಹೆಚ್ಚಾದದ್ದು ಎಷ್ಟು ಎಂದು ಬೇರೆ ಮಾಡಬೇಕಾದರೆ ಎರಡೂ ಸಲ ಒಂದೇ ರೀತಿ ಸಮೀಕ್ಷೆಯಾದ ಜಾಗಗಳನ್ನಷ್ಟೇ ಹೋಲಿಸಬೇಕು. ಎರಡೇ ಬಿಂದುಗಳಿಂದ ಎಳೆದ ಗೆರೆ ಯಾವಾಗಲೂ ನೇರವಾಗಿಯೇ ಕಾಣುತ್ತದೆ ಎನ್ನುವುದೂ ಮಕ್ಕಳಿಗೆ ಗೊತ್ತಿರಲಿ.

ಕಾಡುಜಾಡು

ಆ ಅಂದಾಜು ಎಲ್ಲಿಂದ ಬರುತ್ತದೆ ಎಂದು ತೋರಿಸಿದರೆ ಪಾಠ ಗಟ್ಟಿಯಾಗುತ್ತದೆ. ಪ್ರಾಣಿ ಎದುರು ಹಾದಾಗ ತಾನೇ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪ್‌ನ ಕೆಲಸ ಹೀಗೆ ನಡೆಯುತ್ತದೆ.

ಕಾಡನ್ನು ನಕ್ಷೆಯ ಮೇಲೆ 2 ಚದರ ಕಿ.ಮೀ. ಚೌಕಗಳಾಗಿ ಹೆಚ್ಚುತ್ತಾರೆ. ಪ್ರತಿ ಚೌಕದಲ್ಲಿ ಹುಲಿ ನಡೆದಾಡುವ ಕಾಡುರಸ್ತೆ, ಕಾಲುದಾರಿ, ಹಳ್ಳದ ದಂಡೆ ನೋಡಿ ಒಂದು ಜೋಡಿ ಕ್ಯಾಮೆರಾ. ಜೋಡಿ ಏಕೆಂದರೆ ಹುಲಿಯನ್ನು ಗುರುತಿಸುವುದು ಪಟ್ಟೆಯಿಂದ, ಆದರೆ ಅದರ ಎಡಮಗ್ಗುಲಿನ ಪಟ್ಟೆ ಬಲಮಗ್ಗುಲಿನ ಪಟ್ಟೆಯಂತೆ ಇರುವುದಿಲ್ಲ. ದಾರಿಯ ಎರಡೂ ಬದಿ, ಮೊಣಕಾಲಿನ ಎತ್ತರದಲ್ಲಿ, ಒಂದರ ಫ್ಲ್ಯಾಶ್ ಇನ್ನೊಂದರ ಲೆನ್ಸಿಗೆ ನೇರ ಹೊಡೆಯದಂತೆ ಸ್ವಲ್ಪ ಓರೆಯಾಗಿ ಕಟ್ಟಬೇಕು. ಕನಿಷ್ಠ 25 ದಿನ ಬಿಡಬೇಕು. ಇಡೀ ಪ್ರದೇಶದ ಕೆಲಸ 45ರಿಂದ 60 ದಿನದೊಳಗೆ ಮುಗಿಯಬೇಕು. ಈ ಗಡುವು ಆಡಳಿತದ ಅನುಕೂಲಕ್ಕೆ ಇಟ್ಟದ್ದಲ್ಲ. ಆ ಅವಧಿಯಲ್ಲಿ ಹುಟ್ಟು, ಸಾವು, ಬಂದದ್ದು, ಹೋದದ್ದು ಗಣನೀಯವಲ್ಲ ಎಂದು ಲೆಕ್ಕ ಊಹಿಸಿಕೊಂಡಿರುತ್ತದೆ. ಆರು ತಿಂಗಳು ಎಳೆದರೆ ಊಹೆ ಮುರಿಯುತ್ತದೆ, ಹಾದುಹೋದ ಹುಲಿಗಳೆಲ್ಲ ಖಾಯಂ ನಿವಾಸಿಗಳಂತೆ ಲೆಕ್ಕಕ್ಕೆ ಸೇರಿ ಅಂದಾಜು ಉಬ್ಬುತ್ತದೆ.

ಕೆಡುವುದು ಎಲ್ಲೆಲ್ಲಿ? ಜೋಡಿಯಲ್ಲಿ ಒಂದು ಕ್ಯಾಮೆರಾ ಕೈಕೊಟ್ಟರೆ ಒಂದೇ ಮಗ್ಗುಲು ಸಿಗುತ್ತದೆ. ಎಡಮಗ್ಗುಲಿನ ಚಿತ್ರವೂ ಬಲಮಗ್ಗುಲಿನ ಚಿತ್ರವೂ ಒಂದೇ ಹುಲಿಯದೋ ಎರಡು ಹುಲಿಯದೋ ಹೇಳಲಾಗುವುದಿಲ್ಲ. ದಿನಾಂಕ, ಗಂಟೆ ತಪ್ಪಾಗಿ ಕೂಡಿಸಿದರೆ ಯಾವ ದಿನದ ಸೆರೆ (ಹುಲಿ ಚಿತ್ರಕ್ಕೆ ಸಿಕ್ಕಿದ್ದು) ಎಂಬ ಪಟ್ಟಿಯೇ ಹಾಳು. ಮುಂದಿನ ಹುಲ್ಲನ್ನು ಕತ್ತರಿಸದಿದ್ದರೆ ಗಾಳಿಗೆ ಹುಲ್ಲು ಅಲ್ಲಾಡಿ ಸಾವಿರಾರು ಖಾಲಿ ಚಿತ್ರ, ಬ್ಯಾಟರಿ ಮುಗಿದಿರುತ್ತದೆ. ಆನೆ ಕಿತ್ತೆಸೆಯುವುದಂತೂ ಇದ್ದದ್ದೇ. ಹಾಗೆ ಸತ್ತ ದಿನಗಳನ್ನು ಒಟ್ಟು ಕ್ಯಾಮೆರಾ-ರಾತ್ರಿಗಳಿಂದ (ಒಂದು ಜಾಗದಲ್ಲಿ ಕ್ಯಾಮೆರಾ ಒಂದು ರಾತ್ರಿ ಕೆಲಸ ಮಾಡಿದರೆ ಒಂದು ಕ್ಯಾಮೆರಾ-ರಾತ್ರಿ) ಕಳೆಯಬೇಕು.

ಹೊಸಬ_ಹುಣಸೂರು

ಹೆಜ್ಜೆ ಗುರುತಿನ ಗಣತಿ ಏಕೆ ಬಿಟ್ಟರು? ಅದರಲ್ಲಿ ಕಾಡನ್ನು ಬಲ್ಲವರ ಅನುಭವ ಬಳಕೆಯಾಗುತ್ತಿತ್ತಲ್ಲ.

ಕಾಡುಜಾಡು

ಕಾಡನ್ನು ಬಲ್ಲವರ ಅನುಭವ ಈಗಲೂ ಬೇಕು. ಕ್ಯಾಮೆರಾ ಎಲ್ಲಿ ಕಟ್ಟಬೇಕು ಎನ್ನುವುದು ಅವರಿಂದಲೇ ತಿಳಿಯಬೇಕು. ಆ ವಿಧಾನದ ತೊಂದರೆ ಬೇರೆ. ಅದು ಎಲ್ಲ ಹುಲಿಗಳ ಹೆಜ್ಜೆಯೂ ಸಿಕ್ಕಿದೆ ಎಂದು ನಂಬಿ ಶುರುವಾಗುತ್ತಿತ್ತು. ತಪ್ಪಿಹೋದವು ಎಷ್ಟು ಎಂದು ತಿಳಿಯುವ ದಾರಿಯೇ ಅದರಲ್ಲಿ ಇರಲಿಲ್ಲ. ಅದೇ ಹುಲಿಯ ಹೆಜ್ಜೆ ಒಣಮಣ್ಣಿನಲ್ಲಿ ಒಂದು ಅಳತೆ, ಕೆಸರಿನಲ್ಲಿ ಇನ್ನೊಂದು ಅಳತೆ. ರಾಜಸ್ಥಾನದ ಸರಿಸ್ಕಾದಲ್ಲಿ ಒಂದೂ ಹುಲಿ ಉಳಿದಿಲ್ಲ ಎಂಬುದು 2005ರಲ್ಲಿ ಖಚಿತವಾದಾಗಲೂ ಹಿಂದಿನ ಗಣತಿಗಳ ಕಡತದಲ್ಲಿ ಹುಲಿಗಳಿದ್ದವು.

ಸಂಖ್ಯಾರೇಖೆ

ಸಾಂದ್ರತೆಯ ಬಗ್ಗೆ ಒಂದು ಎಚ್ಚರಿಕೆ ಸೇರಿಸುತ್ತೇನೆ, ಮಕ್ಕಳು ಖಂಡಿತ ಎಡವುವ ಜಾಗ ಇದು. 20 ಕಿ.ಮೀ. ಉದ್ದ, 20 ಕಿ.ಮೀ. ಅಗಲದ ಚೌಕದಲ್ಲಿ ಕ್ಯಾಮೆರಾ ಇಟ್ಟು 40 ಹುಲಿ ಎಂಬ ಅಂದಾಜು ಬಂತು ಎಂದುಕೊಳ್ಳಿ. 400 ಚದರ ಕಿ.ಮೀ.ಗೆ 40, ಅಂದರೆ 100 ಚದರ ಕಿ.ಮೀ.ಗೆ 10. ಆದರೆ ಅಂಚಿನ ಕ್ಯಾಮೆರಾಕ್ಕೆ ಸಿಕ್ಕ ಹುಲಿಯ ನೆಲೆ ಅರ್ಧ ಹೊರಗಿರುತ್ತದೆ. ಸುತ್ತಲೂ 3 ಕಿ.ಮೀ. ಪಟ್ಟಿ ಸೇರಿಸಿದರೆ ಜಾಗ 26ಕ್ಕೆ 26, ಒಟ್ಟು 676 ಚದರ ಕಿ.ಮೀ. ಈಗ ಸಾಂದ್ರತೆ 5.9. ಹುಲಿ ಒಂದೂ ಬದಲಾಗಲಿಲ್ಲ, ಉತ್ತರ ಮಾತ್ರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಹಿಂದೆ ಒಂದು ಹುಲಿ ಎರಡು ಕ್ಯಾಮೆರಾಗಳ ನಡುವೆ ಓಡಾಡಿದ ಗರಿಷ್ಠ ದೂರದ ಸರಾಸರಿ ತೆಗೆದು, ಅದರ ಅರ್ಧವನ್ನು ಪಟ್ಟಿಯ ಅಗಲವಾಗಿ ಹಿಡಿಯುತ್ತಿದ್ದರು. ಈಗ ಪ್ರತಿ ಹುಲಿಯ ನೆಲೆಯ ಕೇಂದ್ರ ಎಲ್ಲಿರಬಹುದು ಎಂದು ಸೆರೆಸಿಕ್ಕ ಜಾಗಗಳಿಂದಲೇ ಅಂದಾಜು ಮಾಡುವ ವಿಧಾನ ಬಂದಿದೆ. ಯಾರಾದರೂ "100 ಚದರ ಕಿ.ಮೀ.ಗೆ ಇಷ್ಟು" ಎಂದರೆ, ಜಾಗ ಅಳೆದದ್ದು ಹೇಗೆ ಎಂದು ಮೊದಲು ಕೇಳಿ.

ಕಪಿಲಾತೀರ

ನಿಮ್ಮ ಪಾಠಕ್ಕೆ ನಾಗರಹೊಳೆಗಿಂತ ಒಳ್ಳೆಯ ಉದಾಹರಣೆ ಇಲ್ಲ ಎಂದು ನನ್ನ ಖಚಿತ ಅಭಿಪ್ರಾಯ. ಕ್ಯಾಮೆರಾ ಚಿತ್ರಗಳಿಗೆ ಸೆರೆ–ಮರುಸೆರೆ ಲೆಕ್ಕ (ಒಮ್ಮೆ ಗುರುತಿಸಿದವು ಮತ್ತೆ ಎಷ್ಟು ಸಿಗುತ್ತವೆ ಎಂಬುದರಿಂದ ಒಟ್ಟು ಸಂಖ್ಯೆ ಅಂದಾಜಿಸುವುದು) ಅನ್ವಯಿಸಿ ಹುಲಿಗಳ ಅಂದಾಜು ಮಾಡಿದ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರ ಮೊದಲ ಪ್ರಬಂಧ 1995ರಲ್ಲಿ ಬಂದದ್ದು ಇಲ್ಲಿಂದಲೇ. ಮುಂದೆ 2006ರಲ್ಲಿ ಅವರು ಮತ್ತು ಸಹೋದ್ಯೋಗಿಗಳು 1991ರಿಂದ 2000ರವರೆಗಿನ ದತ್ತಾಂಶ ಪ್ರಕಟಿಸಿದರು: 5,725 ಕ್ಯಾಮೆರಾ-ರಾತ್ರಿ, ಪಟ್ಟೆಯಿಂದ ಗುರುತಿಸಿದ 74 ಹುಲಿ.

ಅದರಲ್ಲಿ ಎರಡು ಅಂಕಿ ಹಿಡಿದುಕೊಳ್ಳಿ. ವರ್ಷದಿಂದ ವರ್ಷಕ್ಕೆ ಬದುಕುಳಿಯುವ ಪ್ರಮಾಣ 0.77. ಸಂಖ್ಯೆಯ ವಾರ್ಷಿಕ ಬದಲಾವಣೆಯ ದರ 1.03. ಎರಡನ್ನೂ ಪಕ್ಕಪಕ್ಕ ಇಟ್ಟು ಮಕ್ಕಳನ್ನು ಕೇಳಿ: ವರ್ಷಕ್ಕೆ ನೂರರಲ್ಲಿ 23 ಹುಲಿ ಇಲ್ಲವಾಗುತ್ತಿದ್ದರೂ ಒಟ್ಟು ಸಂಖ್ಯೆ ಶೇ 3 ಏರಿದ್ದು ಹೇಗೆ? ಉತ್ತರ ಪಾಠದ ಮೊದಲ ಸಮೀಕರಣದಲ್ಲೇ ಇದೆ. ಈ ವರ್ಷದ ಸಂಖ್ಯೆಗೆ ಹುಟ್ಟಿದವನ್ನೂ ಒಳಬಂದವನ್ನೂ ಕೂಡಿ, ಸತ್ತವನ್ನೂ ಹೊರಹೋದವನ್ನೂ ಕಳೆದರೆ ಮುಂದಿನ ವರ್ಷದ್ದು. 23 ಹೋದ ಕಡೆ 26 ಬಂದಿರಬೇಕು, ಮರಿಗಳು ಬೆಳೆದು ಅಥವಾ ಪಕ್ಕದ ಕಾಡಿನಿಂದ.

0.77ನ್ನು ವರ್ಷವರ್ಷಕ್ಕೆ ಗುಣಿಸಿ ತೋರಿಸಿ. ಇಂದಿನ 100 ಹುಲಿಗಳಲ್ಲಿ ಮುಂದಿನ ವರ್ಷ 77, ನಂತರ 59, 46, 35, ಐದನೇ ವರ್ಷಕ್ಕೆ 27. ಒಟ್ಟು ಸಂಖ್ಯೆ ಅಲುಗಾಡದಂತೆ ಕಾಣುವ ಕಾಡಿನಲ್ಲಿ ಐದು ವರ್ಷದಲ್ಲಿ ಮುಕ್ಕಾಲು ಪಾಲು ಹುಲಿಗಳು ಬೇರೆಯವು! ಹರಿಯುವ ಹೊಳೆಯ ಮಟ್ಟ ಒಂದೇ ಇದ್ದ ಮಾತ್ರಕ್ಕೆ ನೀರು ಅದೇ ಅಲ್ಲವಲ್ಲ, ಹಾಗೆ. ಈ 0.77ರಲ್ಲಿ ಸತ್ತದ್ದೂ ಕಾಡು ಬಿಟ್ಟು ಹೋದದ್ದೂ ಬೆರೆತಿವೆ, ಏಕೆಂದರೆ ಕ್ಯಾಮೆರಾಕ್ಕೆ ಮತ್ತೆ ಸಿಗದ ಹುಲಿ ಸತ್ತಿದೆಯೋ ಕಬಿನಿ ದಾಟಿ ಬಂಡೀಪುರ ಸೇರಿದೆಯೋ ಚಿತ್ರದಿಂದ ತಿಳಿಯದು.

ಇದೇ ಅವಧಿಯಲ್ಲಿ ಸಾಂದ್ರತೆ 100 ಚದರ ಕಿ.ಮೀ.ಗೆ 7.3ರಿಂದ 21.7ರವರೆಗೆ ಓಲಾಡಿದೆ. ಹಾಗಾಗಿ ಒಂದು ವರ್ಷ ಇಳಿದದ್ದನ್ನು ನೋಡಿ ಅವನತಿ ಎಂದೂ, ಒಂದು ವರ್ಷ ಏರಿದ್ದನ್ನು ನೋಡಿ ಸಾಧನೆ ಎಂದೂ ಬರೆಯುವುದು ತಪ್ಪು.

ತುಂಬೆಹೂ

0.77 ಮತ್ತು 1.03, ಇದು ತರಗತಿಗೆ ಚೆನ್ನಾಗಿ ಒದಗುತ್ತದೆ, ಧನ್ಯವಾದ ಸರ್. ಸಾಂದ್ರತೆ 7ರಿಂದ 21ರವರೆಗೆ ಓಲಾಡುವುದಾದರೆ ಧಾರಣಾ ಸಾಮರ್ಥ್ಯ ಎಂದು ಯಾವುದನ್ನು ಹೇಳಲಿ?

ಕಪಿಲಾತೀರ

ಹುಲಿಗೆ ಅದು ಎಕರೆಯ ಲೆಕ್ಕವಲ್ಲ, ಬಲಿಪ್ರಾಣಿಯ ಲೆಕ್ಕ. ಒಂದು ಹುಲಿಗೆ ವರ್ಷಕ್ಕೆ ಜಿಂಕೆ, ಕಡವೆ, ಕಾಟಿ, ಕಾಡುಹಂದಿಯಂಥ ಸುಮಾರು 50 ಪ್ರಾಣಿ ಬೇಕು. ಇರುವ ಬಲಿಪ್ರಾಣಿಗಳಲ್ಲಿ ವರ್ಷಕ್ಕೆ ಹತ್ತರಲ್ಲಿ ಒಂದನ್ನು ಹುಲಿ ತೆಗೆದುಕೊಳ್ಳುತ್ತದೆ ಎಂದು ಹಿಡಿದರೆ, ಒಂದು ಹುಲಿಯ ಹಿಂದೆ 500 ಪ್ರಾಣಿಗಳ ಹಿಂಡು ಇರಬೇಕು. ಚದರ ಕಿ.ಮೀ.ಗೆ 50 ಗೊರಸಿನ ಪ್ರಾಣಿ ಇರುವ ಕಾಡಿನಲ್ಲಿ 100 ಚದರ ಕಿ.ಮೀ.ಗೆ 5,000 ಪ್ರಾಣಿ, ಅಂದರೆ 10 ಹುಲಿ. ಅದೇ ಕಾಡಿನಲ್ಲಿ ಬಲಿಪ್ರಾಣಿ 10ಕ್ಕೆ ಇಳಿದರೆ ಹುಲಿ 2. ರಷ್ಯಾದ ಪೂರ್ವದ ಹಿಮಕಾಡುಗಳಲ್ಲಿ 100 ಚದರ ಕಿ.ಮೀ.ಗೆ ಒಂದು ಹುಲಿಯೂ ಇರುವುದಿಲ್ಲ. ಅಲ್ಲಿ ಜಾಗಕ್ಕೇನೂ ಕೊರತೆಯಿಲ್ಲ, ಜಿಂಕೆ ಕಡಿಮೆ.

ಆದ್ದರಿಂದ ಹುಲಿಯನ್ನು ಯಾರೂ ಮುಟ್ಟದಿದ್ದರೂ ಜಿಂಕೆಗೆ ಉರುಳು ಹಾಕಿದರೆ ಹುಲಿಯ ಧಾರಣಾ ಸಾಮರ್ಥ್ಯ ಕುಸಿಯುತ್ತದೆ. ಲ್ಯಾಂಟಾನ ಪೊದೆ ಹಬ್ಬಿ ಅಡಿಯ ಹುಲ್ಲು ಸತ್ತರೂ ಅಷ್ಟೇ: ಹುಲ್ಲು ಹೋದರೆ ಜಿಂಕೆ, ಕಾಟಿ ಕಡಿಮೆ, ನಂತರ ಹುಲಿ. ಮರಗಳು ನಿಂತಿರುವುದರಿಂದ ಉಪಗ್ರಹದ ಚಿತ್ರದಲ್ಲಿ ಕಾಡು ಹಾಗೇ ಹಸಿರಾಗಿ ಕಾಣುತ್ತಿರುತ್ತದೆ.

ಕಾಡುಜಾಡು

ಬಲಿಪ್ರಾಣಿ ಎಣಿಸುವುದು ಹುಲಿ ಎಣಿಸುವುದಕ್ಕಿಂತ ಕಷ್ಟ, ಏಕೆಂದರೆ ಕಡವೆಗೆ ಪಟ್ಟೆ ಇಲ್ಲ. ಅದಕ್ಕೆ ನೇರ ಗೆರೆಯ ನಡಿಗೆ ಮಾಡಬೇಕು. ಸುಮಾರು 2 ಕಿ.ಮೀ. ಗೆರೆ ಕಡಿದು, ಬೆಳಗಿನ ಹೊತ್ತು ಇಬ್ಬರು ಸದ್ದಿಲ್ಲದೆ ನಡೆದು, ಕಂಡ ಪ್ರತಿ ಗುಂಪಿಗೂ ಎಷ್ಟು ಪ್ರಾಣಿ, ಎಷ್ಟು ದೂರ, ಯಾವ ಕೋನ ಎಂದು ಬರೆದುಕೊಳ್ಳಬೇಕು. ದೂರವನ್ನು ರೇಂಜ್‌ಫೈಂಡರ್‌ನಲ್ಲೂ ಕೋನವನ್ನು ದಿಕ್ಸೂಚಿಯಲ್ಲೂ ಅಳೆಯಲೇಬೇಕು. ಕಣ್ಣಂದಾಜಿನಲ್ಲಿ ಬರೆದರೆ 20, 30, 50 ಮೀಟರ್ ಎಂಬ ದುಂಡು ಅಂಕಿಗಳೇ ಗುಡ್ಡೆಯಾಗುತ್ತವೆ. ಹತ್ತಿರದವು ಹೆಚ್ಚು ಕಾಣುತ್ತವೆ, ದೂರದವು ಕಡಿಮೆ. ಆ ಇಳಿಕೆಯ ಆಕಾರದಿಂದಲೇ ಕಾಣದೇ ಹೋದವು ಎಷ್ಟು ಎಂದು ಲೆಕ್ಕ ಹಾಕುವುದು. ಒಂದು ಜಾತಿಗೆ 60ಕ್ಕಿಂತ ಕಡಿಮೆ ಗುಂಪು ಕಂಡರೆ ಆ ಆಕಾರ ನಂಬಲು ಬರುವುದಿಲ್ಲ. ಇದ್ದಬದ್ದ ರಸ್ತೆಯನ್ನೇ ಗೆರೆ ಮಾಡಿಕೊಳ್ಳುವುದು ದೊಡ್ಡ ತಪ್ಪು. ರಸ್ತೆಯಂಚಿನ ಹಸಿ ಹುಲ್ಲಿಗೆ ಜಿಂಕೆ ಬಂದು ನಿಂತಿರುತ್ತವೆ, ಅಂದಾಜು ಏರಿಬಿಡುತ್ತದೆ.

ಸಂಖ್ಯಾರೇಖೆ

ಕಪಿಲಾತೀರ ಅವರೇ, 500ರ ಲೆಕ್ಕ ಒಪ್ಪುತ್ತೇನೆ. ಆದರೆ ಅದನ್ನು ಮೇಲ್ಮಿತಿಯ ಗೋಡೆಯಂತೆ ಮಕ್ಕಳಿಗೆ ಹೇಳಬಾರದು. ಚಿರತೆ, ಕೆನ್ನಾಯಿಗಳೂ ಅದೇ ಹಿಂಡಿನಿಂದ ತಿನ್ನುತ್ತವೆ. ಹತ್ತರಲ್ಲೊಂದು ಎಂಬುದು ಸರಾಸರಿ, ಕಾಡಿನಿಂದ ಕಾಡಿಗೆ ಬದಲಾಗುತ್ತದೆ. ಬೆಲ್ಜಿಯಂನ ಗಣಿತಜ್ಞ ವೆರ್ಹುಲ್ಸ್ಟ್ 1838ರಲ್ಲಿ ಕೊಟ್ಟ, ಸಂಖ್ಯೆಯ ಬೆಳವಣಿಗೆಯ ಎಸ್ ಆಕಾರದ ಗೆರೆಯಲ್ಲಿ ಧಾರಣಾ ಸಾಮರ್ಥ್ಯ ಸ್ಥಿರ, ದಟ್ಟಣೆಯ ಪರಿಣಾಮ ತಕ್ಷಣ. ಕಾಡಿನಲ್ಲಿ ಎರಡೂ ಇಲ್ಲ.

ತಡವಾಗಿ ಬರುವ ಪರಿಣಾಮಕ್ಕೆ ಅಲಾಸ್ಕಾದ ಸೇಂಟ್ ಮ್ಯಾಥ್ಯೂ ದ್ವೀಪ ನೋಡಿ. 1944ರಲ್ಲಿ 29 ಹಿಮಸಾರಂಗ ಬಿಟ್ಟರು. 1963ಕ್ಕೆ 6,000. ಕಲ್ಲುಹೂವನ್ನು ಬುಡಸಹಿತ ಮೇಯ್ದು ಮುಗಿಸಿದ ಮೇಲೆ ಒಂದು ಕಡು ಚಳಿಗಾಲ ಬಂತು. 1966ರಲ್ಲಿ ಉಳಿದದ್ದು 42. ಅವು ಧಾರಣಾ ಸಾಮರ್ಥ್ಯವನ್ನು ದಾಟಿದ್ದಷ್ಟೇ ಅಲ್ಲ, ಕಲ್ಲುಹೂವು ನಿಧಾನಕ್ಕೆ ಬೆಳೆಯುವುದರಿಂದ ಸಾಮರ್ಥ್ಯವನ್ನೇ ಕೆಳಕ್ಕೆ ಎಳೆದವು.

ಕಪಿಲಾತೀರ

ಒಪ್ಪಿದೆ, "ಗೋಡೆ" ಎಂಬ ಅರ್ಥದಲ್ಲಿ ಹೇಳಲಿಲ್ಲ. ಹುಲಿಯಲ್ಲಿ ಹಿಮಸಾರಂಗದಂಥ ಕುಸಿತ ಕಾಣದಿರಲು ಕಾರಣವಿದೆ. ಹುಲಿ ತನ್ನ ನೆಲೆಯನ್ನು ಕಾಯುತ್ತದೆ. ಬಲಿ ಮುಗಿಯುವ ಮುಂಚೆಯೇ ಜಾಗ ಮುಗಿಯುತ್ತದೆ, ಎರಡು ವರ್ಷದ ಹುಲಿಗಳು ತಾಯಿಯನ್ನು ಬಿಟ್ಟು ಅಂಚಿಗೆ ತಳ್ಳಲ್ಪಡುತ್ತವೆ. ಕಾಡಂಚಿನ ಊರುಗಳಲ್ಲಿ ದನ ಹಿಡಿಯುವವು ಹಲವು ಸಲ ಇಂಥ ಎಳೆಯವು, ಇಲ್ಲವೇ ನೆಲೆ ಕಳೆದುಕೊಂಡ ಮುದಿಯವು. ದಟ್ಟಣೆ ಏರಿದಂತೆ ಹೊರಹೋಗುವ ಪ್ರಮಾಣ ಏರುವುದು ಎಂದು ಪಾಠದಲ್ಲಿ ಒಂದು ಸಾಲಿನಲ್ಲಿ ಹೇಳುವುದು ಆ ಊರಿನವರ ಪಾಲಿಗೆ ಕೊಟ್ಟಿಗೆಯಿಂದ ಹೋದ ಹಸು. ಇದನ್ನು ಬಿಟ್ಟು ಪಾಠ ಮಾಡಬೇಡಿ ಎಂದು ಕೇಳಿಕೊಳ್ಳುತ್ತೇನೆ.

ರಣಹದ್ದು_ರಾಮನಗರ

ಒಂದು ಸಾವಿನ ತೂಕ ಎಲ್ಲ ಜಾತಿಗೂ ಒಂದೇ ಅಲ್ಲ ಎನ್ನುವುದನ್ನೂ ಸೇರಿಸಿ. ಹುಲಿ ಎರಡು ಮೂರು ವರ್ಷಕ್ಕೊಮ್ಮೆ ಎರಡರಿಂದ ನಾಲ್ಕು ಮರಿ ಹಾಕುತ್ತದೆ. ಬಲಿ ಇದ್ದರೆ ನಷ್ಟ ತುಂಬಿಕೊಳ್ಳುತ್ತದೆ. ರಣಹದ್ದು ವರ್ಷಕ್ಕೆ ಒಂದೇ ಮೊಟ್ಟೆ, ಅದೂ ಸುಮಾರು ಐದು ವರ್ಷ ದಾಟಿದ ಮೇಲೆ. ಅದರ ಬದುಕಿನ ಲೆಕ್ಕ ನಿಂತಿರುವುದು ದೊಡ್ಡ ಹಕ್ಕಿ ಹಲವು ವರ್ಷ ಬದುಕುವುದರ ಮೇಲೆ. ಅಲ್ಲಿಗೆ ಡೈಕ್ಲೋಫಿನಾಕ್ ಬಂತು, ದನಗಳಿಗೆ ಕೊಡುವ ನೋವಿನ ಮದ್ದು; ಅದರ ಅಂಶವಿರುವ ಹೆಣ ತಿಂದ ರಣಹದ್ದು ಸಾಯುತ್ತದೆ. ದನಗಳ ನೂರು ಹೆಣಗಳಲ್ಲಿ ಒಂದಕ್ಕಿಂತ ಕಡಿಮೆ ಹೆಣದಲ್ಲಿ ಮದ್ದಿನ ಅಂಶ ಇದ್ದರೂ ಕುಸಿತಕ್ಕೆ ಸಾಕು ಎಂದು ಲೆಕ್ಕ ತೋರಿಸಿತು, ಏಕೆಂದರೆ ಒಂದೇ ಹೆಣಕ್ಕೆ ಹತ್ತಾರು ಹಕ್ಕಿ ಇಳಿಯುತ್ತವೆ. ಬಿಳಿಬೆನ್ನಿನ ರಣಹದ್ದು 1992ರಿಂದ 2007ರೊಳಗೆ ಭಾರತದಲ್ಲಿ ಶೇ 99ಕ್ಕಿಂತ ಹೆಚ್ಚು ಕಡಿಮೆಯಾಯಿತು. ಪಶುಗಳಿಗೆ ಆ ಮದ್ದನ್ನು 2006ರಲ್ಲಿ ನಿಷೇಧಿಸಿದರು. ನಿಷೇಧದ ಮರುವರ್ಷವೇ ಸಂಖ್ಯೆ ಏಕೆ ಏರಲಿಲ್ಲ ಎಂದು ಮಕ್ಕಳು ಕೇಳಿದರೆ, ಒಂದು ಮೊಟ್ಟೆ, ಐದು ವರ್ಷ ಎಂಬ ಎರಡು ಅಂಕಿಯಲ್ಲಿ ಉತ್ತರವಿದೆ.

ಬೀಜಗಣಿತ

ತರಗತಿಯ ಪ್ರಯೋಗಕ್ಕೆ ಹುಣಸೆ ಬೀಜ ಸಾಕು. ಎಷ್ಟಿವೆ ಎಂದು ಮಕ್ಕಳಿಗೆ ಹೇಳದೆ 240 ಬೀಜ ಎಣಿಸಿ ಒಂದು ಅಗಲ ಪಾತ್ರೆಗೆ ಹಾಕಿ. 50 ಬೀಜ ತೆಗೆದು ಬಿಳಿ ಪೇಂಟಿನ ಚುಕ್ಕೆ ಇಟ್ಟು, ಪೂರ್ತಿ ಒಣಗಿದ ಮೇಲೆ ವಾಪಸ್ ಹಾಕಿ ಚೆನ್ನಾಗಿ ಕಲಸಿ. ಕಣ್ಣು ಮುಚ್ಚಿಕೊಂಡು 60 ತೆಗೆಯಲಿ. ಅದರಲ್ಲಿ ಚುಕ್ಕೆಯವು 12 ಸಿಕ್ಕವು ಎಂದುಕೊಳ್ಳಿ. 50ನ್ನು 60ರಿಂದ ಗುಣಿಸಿ 12ರಿಂದ ಭಾಗಿಸಿದರೆ 250. ಇದು ಲಿಂಕನ್–ಪೀಟರ್ಸನ್ ಸೂತ್ರ. ಮಾದರಿ ಚಿಕ್ಕದಿದ್ದಾಗ ಇದು ಮೇಲಕ್ಕೆ ವಾಲುವುದರಿಂದ ಚಾಪ್ಮನ್ ತಿದ್ದುಪಡಿ ಬಳಸಿ: ಮೂರೂ ಅಂಕಿಗೆ ಒಂದೊಂದು ಕೂಡಿ, 51 × 61 ÷ 13, ಬಂದದ್ದರಲ್ಲಿ ಒಂದು ಕಳೆದರೆ 238.

ಇಲ್ಲಿಗೆ ನಿಲ್ಲಿಸಬೇಡಿ. ಇದರ ಪ್ರಮಾಣಿತ ದೋಷ (ಅಂದಾಜು ಎಷ್ಟು ಆಚೀಚೆ ಹೋಗಬಹುದು ಎಂಬುದರ ಅಳತೆ) 49; ಅದರ ಸುಮಾರು ಎರಡು ಪಟ್ಟು ಆಚೀಚೆ ಹಿಡಿದರೆ ನಿಜವಾದ ಸಂಖ್ಯೆ ಸುಮಾರು 142ರಿಂದ 334ರ ನಡುವೆ ಎಲ್ಲಾದರೂ ಇರಬಹುದು. ಹತ್ತು ಗುಂಪಿಗೂ ಮಾಡಿಸಿ ಹತ್ತು ಉತ್ತರವನ್ನೂ ಹಲಗೆಯ ಮೇಲೆ ಬರೆಯಿರಿ, ಹರವು ಕಣ್ಣಿಗೇ ಕಾಣುತ್ತದೆ. ನಂತರ 100ಕ್ಕೆ ಚುಕ್ಕೆ ಇಟ್ಟು 100 ತೆಗೆಸಿ. ಚುಕ್ಕೆಯವು 42ರ ಆಸುಪಾಸು ಸಿಗುತ್ತವೆ, ದೋಷ 20ಕ್ಕೆ ಇಳಿಯುತ್ತದೆ.

ಆಮೇಲೆ ಬೇಕೆಂದೇ ಕೆಡಿಸಿ. ಒಂದು ಗುಂಪಿಗೆ ಚುಕ್ಕೆ ಬೀಜಗಳನ್ನು ಕಲಸದೆ ಮೇಲೆ ಬಿಡಲು ಹೇಳಿ. ಚುಕ್ಕೆಯವೇ ಹೆಚ್ಚು ಸಿಕ್ಕು ಅಂದಾಜು ಕುಸಿಯುತ್ತದೆ. ಬೋನಿನ ತಿಂಡಿಗೆ ಆಸೆಬಿದ್ದು ಮತ್ತೆ ಮತ್ತೆ ಬರುವ ಇಲಿಯಿಂದ ಆಗುವುದು ಇದೇ. ಇನ್ನೊಂದು ಗುಂಪಿನ ಪಾತ್ರೆಯಲ್ಲಿ 15 ಬೀಜಗಳ ಚುಕ್ಕೆಯನ್ನು ಗುಟ್ಟಾಗಿ ಉಜ್ಜಿ ತೆಗೆಯಿರಿ, ಅಂದಾಜು ಏರುತ್ತದೆ. ಗುರುತು ಉದುರಿದ ಮೀನು, ಒಮ್ಮೆ ಸಿಕ್ಕಿ ಹೆದರಿದ ಪ್ರಾಣಿ, ಎರಡರ ಫಲವೂ ಹೀಗೆಯೇ.

ಹೊರಗೆ ಮಾಡಿಸುವುದಾದರೆ ಮೈದಾನದಲ್ಲಿ ತುಂಬೆ ಗಿಡ ಎಣಿಸಿ, 1 ಮೀಟರ್ ಚೌಕದ ದಾರದ ಚೌಕಟ್ಟು 20 ಕಡೆ. ಚೌಕಟ್ಟನ್ನು ಎಸೆಯಬೇಡಿ, ಎಸೆದರೆ ಗಿಡ ಕಾಣುವ ಕಡೆಗೇ ಕೈ ಹೋಗುತ್ತದೆ; ಎರಡು ಬದಿಗೆ ಟೇಪ್ ಹಾಸಿ ಚೀಟಿ ಎತ್ತಿ ಜಾಗ ಗೊತ್ತುಮಾಡಿ. ಗೆರೆಯ ಮೇಲಿನ ಗಿಡವನ್ನು ಎಡ ಮತ್ತು ಕೆಳ ಅಂಚಿನಲ್ಲಿದ್ದರೆ ಎಣಿಸಿ, ಉಳಿದೆರಡರಲ್ಲಿ ಬಿಡಿ. ಪಾರ್ಥೇನಿಯಂ ಬೇಡವೇ ಬೇಡ, ಮಕ್ಕಳಿಗೆ ಚರ್ಮದ ಅಲರ್ಜಿ, ಉಬ್ಬಸ ಬರುತ್ತದೆ. ಹಕ್ಕಿ, ಹಲ್ಲಿ ಹಿಡಿದು ಗುರುತು ಹಾಕಿಸುವುದೂ ಬೇಡ, 1972ರ ವನ್ಯಜೀವಿ ಕಾಯ್ದೆ ಅಡ್ಡ ಬರುತ್ತದೆ.

ತುಂಬೆಹೂ

ಬೀಜದ ಪ್ರಯೋಗ ಸೋಮವಾರವೇ ಮಾಡಿಸುತ್ತೇನೆ. ಒಂದು ಅನುಮಾನ. ಎರಡನೇ ಸಲ ತೆಗೆದಾಗ ಚುಕ್ಕೆಯವು ಒಂದೂ ಸಿಗದಿದ್ದರೆ?

ಬೀಜಗಣಿತ

ಲಿಂಕನ್–ಪೀಟರ್ಸನ್‌ನಲ್ಲಿ ಸೊನ್ನೆಯಿಂದ ಭಾಗಿಸಬೇಕಾಗುತ್ತದೆ, ಉತ್ತರವಿಲ್ಲ. ಚಾಪ್ಮನ್‌ನಲ್ಲಿ 51 × 61 ÷ 1, ಒಂದು ಕಳೆದರೆ 3,110 ಎಂದು ಬರುತ್ತದೆ. ಅದನ್ನು ಅಂದಾಜು ಎಂದು ಬರೆಯಬಾರದು. ಸೂತ್ರ ಕೆಲಸ ಮಾಡಿತು, ಮಾಹಿತಿ ಇರಲಿಲ್ಲ ಅಷ್ಟೇ. 240 ಬೀಜದಲ್ಲಿ 50ಕ್ಕೆ ಚುಕ್ಕೆ ಇದ್ದು 60 ತೆಗೆದರೆ ಸೊನ್ನೆ ಬರುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ, ಹಾಗೆ ಬಂದರೆ ಬೀಜ ಕಲಸಿಲ್ಲ ಎಂದರ್ಥ. ಚುಕ್ಕೆಯವು ಕನಿಷ್ಠ 7 ಸಿಗುವಂತೆ ಮಾದರಿ ದೊಡ್ಡದು ಮಾಡಿಕೊಳ್ಳಿ. ಪೇಂಟ್ ಮಾತ್ರ ಭಾನುವಾರವೇ ಹಚ್ಚಿಡಿ, ಹಸಿ ಇದ್ದರೆ ಬೀಜಗಳು ಒಂದಕ್ಕೊಂದು ಅಂಟಿಕೊಂಡು ಜೋಡಿಯಾಗಿ ಕೈಗೆ ಬರುತ್ತವೆ.